ಈಮ್: ತಾನೇ ಬಾಗಿಲು ಹಾಕಿಕೊಂಡ ಊರು

ಸ್ಪೆಲ್ಲಿಂಗ್ ನೋಡಿದರೆ ‘ಇಯಾಮ್’ ಅಂತ ಓದಬೇಕು ಅನಿಸುತ್ತೆ. ಆದರೆ ಊರಿನವರು ಹೇಳೋದು ‘ಈಮ್’. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕ್ ಒಳಗೆ, ಗುಡ್ಡದ ಇಳಿಜಾರಿನಲ್ಲಿರುವ ಸಣ್ಣ ಹಳ್ಳಿ. ಕಲ್ಲಿನ ಮನೆಗಳ ಬೀದಿ, ನಡುವೆ ಸೇಂಟ್ ಲಾರೆನ್ಸ್ ಚರ್ಚ್, ಅದರ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆ. ಚರ್ಚಿನ ಪಕ್ಕದ ಕೆಲವು ಮನೆಗಳ ಮುಂದೆ ಹಸಿರು ಬೋರ್ಡುಗಳಿವೆ. ಇಂಥ ಕಡೆ ಸಾಮಾನ್ಯವಾಗಿ ಯಾವುದೋ ಕವಿ ಹುಟ್ಟಿದ ಮನೆ ಅಂತ ಬರೆದಿರುತ್ತಾರೆ. ಇಲ್ಲಿರೋದು ಆ ಮನೆಯಲ್ಲಿ ಪ್ಲೇಗಿಗೆ ಸತ್ತವರ ಪಟ್ಟಿ.

1665ರಲ್ಲಿ ಲಂಡನ್ ಪ್ಲೇಗಿನಿಂದ ತತ್ತರಿಸುತ್ತಿದ್ದಾಗ, ಅಲ್ಲಿಂದ ಇಲ್ಲಿನ ದರ್ಜಿಯ ಮನೆಗೆ ಬಟ್ಟೆಯ ಕಟ್ಟೊಂದು ಬಂತು. ಒದ್ದೆಯಾಗಿದ್ದ ಬಟ್ಟೆಯನ್ನು ಸಹಾಯಕ ಜಾರ್ಜ್ ವಿಕರ್ಸ್ ಬೆಂಕಿಯ ಮುಂದೆ ಒಣಹಾಕಿದ, ಅದರಲ್ಲಿದ್ದ ಚಿಗಟಗಳಿಂದ ರೋಗ ಹಬ್ಬಿತು ಅನ್ನೋದು ಊರಿನ ಕಥೆ. ಸೆಪ್ಟೆಂಬರ್ 7ರಂದು ವಿಕರ್ಸ್‌ನನ್ನು ಹೂಳಿದ್ದಂತೂ ದಾಖಲೆಯಲ್ಲಿದೆ. ಚಳಿಗಾಲದಲ್ಲಿ ಸಾವು ಕಡಿಮೆಯಾಯ್ತು. ಬೇಸಿಗೆ ಬರುತ್ತಿದ್ದಂತೆ ಮತ್ತೆ ಏರಿತು.

ಆಗ ಅಲ್ಲಿದ್ದ ಪಾದ್ರಿ ವಿಲಿಯಂ ಮಾಂಪೆಸನ್. ಇನ್ನೂ ಮೂವತ್ತು ತುಂಬಿರಲಿಲ್ಲ, ಊರಿಗೆ ಹೊಸಬ. ಜನರ ನಂಬಿಕೆ ಇದ್ದದ್ದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. ಸರ್ಕಾರದ ಧಾರ್ಮಿಕ ಕಾನೂನಿಗೆ ಒಪ್ಪದೆ ಹುದ್ದೆ ಕಳೆದುಕೊಂಡಿದ್ದವನು ಸ್ಟ್ಯಾನ್ಲಿ. ಇಬ್ಬರದೂ ಬೇರೆ ಬೇರೆ ದಾರಿ. ಆದರೂ 1666ರ ಜೂನ್‌ನಲ್ಲಿ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು: ಯಾರೂ ಊರ ಗಡಿ ದಾಟಬಾರದು, ಸತ್ತವರನ್ನು ಮನೆಯವರೇ ತಮ್ಮ ಹೊಲ, ಹಿತ್ತಲಲ್ಲಿ ಹೂಳಬೇಕು, ಪ್ರಾರ್ಥನೆ ಚರ್ಚಿನೊಳಗೆ ಬೇಡ, ಕಕ್ಲೆಟ್ ಡೆಲ್ಫ್ ಅನ್ನೋ ಕಣಿವೆಯ ಬಯಲಿನಲ್ಲಿ ದೂರ ದೂರ ನಿಂತು ಮಾಡಬೇಕು.

ಊಟಕ್ಕೆ? ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲ್ ಮತ್ತು ನೆರೆಯೂರಿನವರು ಸಾಮಾನನ್ನು ಗಡಿಯಲ್ಲಿಟ್ಟು ಹೋಗುತ್ತಿದ್ದರು. ಪಕ್ಕದ ಸ್ಟೋನಿ ಮಿಡಲ್ಟನ್ ಕಡೆಗೆ ಹೋಗುವ ಕಾಲುದಾರಿಯಲ್ಲಿ ಕುಳಿಗಳಿರುವ ಗಡಿಕಲ್ಲು ಈಗಲೂ ಇದೆ. ಕುಳಿಗೆ ವಿನೆಗರ್ ತುಂಬಿ, ಕಾಸನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರಂತೆ. ಊರಿನ ಮೇಲ್ಗಡೆ ಇರುವ ಮಾಂಪೆಸನ್ ಬಾವಿ ಇನ್ನೊಂದು ಇಂಥದೇ ಜಾಗ.

ಊರಿನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ, ಹೊಲದ ನಡುವೆ ದುಂಡನೆಯ ಕಲ್ಲುಗೋಡೆಯೊಂದಿದೆ. ಒಳಗಿರೋದು ಹ್ಯಾನ್‌ಕಾಕ್ ಕುಟುಂಬದ ಗೋರಿಕಲ್ಲುಗಳು. 1666ರ ಆಗಸ್ಟಿನಲ್ಲಿ, ಎಂಟೇ ದಿನಗಳಲ್ಲಿ, ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡ ಮತ್ತು ಆರು ಮಕ್ಕಳನ್ನು ಇಲ್ಲಿ ತಾನೇ ಹೂತಳು. ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ, ಬಂದರೂ ಗಡಿ ಅಡ್ಡ ಇತ್ತು. ಊರಿನ ಹೊರಗೆ ಉಳಿದಿದ್ದ ಒಬ್ಬ ಮಗನ ಬಳಿಗೆ ಆಮೇಲೆ ಹೊರಟುಹೋದಳು.

ಇನ್ನು ಪ್ರೇಮಕಥೆ. ಈಮ್‌ನ ಎಮಟ್ ಸಿಡಾಲ್, ಸ್ಟೋನಿ ಮಿಡಲ್ಟನ್‌ನ ರೋಲಂಡ್ ಟಾರ್. ಕಣಿವೆಯ ಆಚೆ ಈಚೆ ನಿಂತು ದೂರದಿಂದಲೇ ಒಬ್ಬರನ್ನೊಬ್ಬರು ನೋಡುತ್ತಿದ್ದರಂತೆ. ಒಂದು ದಿನ ಅವಳು ಬರಲಿಲ್ಲ. ಇದರಲ್ಲಿ ಎಷ್ಟು ನಿಜವೋ, ಎಷ್ಟು ನಂತರದವರು ಸೇರಿಸಿದ್ದೋ! ಈಮ್ ಕಥೆಯ ಬಹಳ ಭಾಗ ಹತ್ತೊಂಬತ್ತನೇ ಶತಮಾನದ ಬರಹಗಾರರ ಕೈಯಲ್ಲಿ ಮೆರುಗು ಪಡೆದದ್ದು.

ನನಗೆ ಕಾಡಿದ್ದು ಬೇರೆ. ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಗಡಿ ಮುಚ್ಚುವ ಮೊದಲೇ ಯಾರ್ಕ್‌ಶೈರ್‌ಗೆ ಕಳಿಸಿದ್ದ. ಅನುಕೂಲ ಇದ್ದ ಇನ್ನೂ ಕೆಲವರು ಮೊದಲೇ ಊರು ಬಿಟ್ಟಿದ್ದರು. ಉಳಿದವರ ‘ತ್ಯಾಗ’ದಲ್ಲಿ ಹೋಗೋಕೆ ಬೇರೆ ಜಾಗವೇ ಇಲ್ಲದವರ ಪಾಲು ದೊಡ್ಡದು, ಅಲ್ವಾ? ಹಾಗಂತ ಮಾಂಪೆಸನ್ ಕಪಟಿ ಅನ್ನೋಕೂ ಆಗಲ್ಲ. ಅವನ ಹೆಂಡತಿ ಕ್ಯಾಥರೀನ್ ಅವನ ಜೊತೆಗೇ ಉಳಿದಳು, ಆಗಸ್ಟಿನಲ್ಲಿ ಅದೇ ರೋಗಕ್ಕೆ ಸತ್ತಳು. ಅವಳ ಗೋರಿ ಚರ್ಚಿನ ಅಂಗಳದಲ್ಲಿದೆ.

ಗಡಿ ಮುಚ್ಚಿದ್ದರಿಂದ ಪ್ರಯೋಜನ ಆಯ್ತಾ? ಪ್ಲೇಗ್ ಇಲಿಯ ಚಿಗಟದಿಂದ ಮಾತ್ರ ಬರುವುದಾದರೆ ಮನುಷ್ಯರನ್ನು ಕೂಡಿಹಾಕಿ ಹೆಚ್ಚು ಉಪಯೋಗವಿಲ್ಲ ಅನ್ನೋ ವಾದ ಇತ್ತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಊರಿನ ಸಾವಿನ ದಾಖಲೆಗಳನ್ನೇ ಲೆಕ್ಕಹಾಕಿ, ಇಲ್ಲಿ ರೋಗ ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೇ ಹರಡಿತ್ತು ಅಂತ ಅಂದಾಜಿಸಿತು. ಹದಿನಾಲ್ಕು ತಿಂಗಳಲ್ಲಿ ಸತ್ತವರು ಸುಮಾರು 260 ಮಂದಿ.

ಆಗಸ್ಟಿನ ಕೊನೆಯ ಭಾನುವಾರ ಅವರ ನೆನಪಿಗೆ ಪ್ರಾರ್ಥನೆ ನಡೆಯುತ್ತೆ. ಗಡಿಕಲ್ಲಿನ ಕುಳಿಗಳಲ್ಲಿ ಈಗ ವಿನೆಗರ್ ಇಲ್ಲ. ನಡೆದು ಬಂದವರು ಒಂದೊಂದು ಚಿಲ್ಲರೆ ನಾಣ್ಯ ಇಟ್ಟು ಹೋಗುತ್ತಾರೆ.