ಒಂದೇ ಲೆಕ್ಕ, ಹಲವು ಲೆಕ್ಕಿಗರು

ಉತ್ತರಪತ್ರಿಕೆಗಳನ್ನು ತಿದ್ದಿದವರೆಲ್ಲರಿಗೂ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಂಕ ಕೊಡುವ ನಿಯಮಗಳನ್ನು ಎಷ್ಟು ವಿವರವಾಗಿ ಬರೆದು ಹತ್ತು ಮಂದಿ ಪರೀಕ್ಷಕರಿಗೆ ಹಂಚಿದರೂ, ಯಾರೂ ಊಹಿಸದ ಉತ್ತರವೊಂದು ಬಂದಾಗ ಒಬ್ಬರು ಅದನ್ನು ಸರಿಯೆನ್ನುವರು, ಇನ್ನೊಬ್ಬರು ತಪ್ಪೆನ್ನುವರು. ಶಾಲೆಯಲ್ಲಾದರೆ ಮುಖ್ಯ ಪರೀಕ್ಷಕರು ಕುಳಿತು ತೀರ್ಮಾನಿಸುತ್ತಾರೆ. ಮುಖ್ಯ ಪರೀಕ್ಷಕರೇ ಇಲ್ಲದ ಒಂದು ಏರ್ಪಾಡಿನಲ್ಲಿ, ಅದೂ ಜನರ ಹಣಕ್ಕೆ ಸಂಬಂಧಪಟ್ಟ ಏರ್ಪಾಡಿನಲ್ಲಿ, ಇಂಥ ಭಿನ್ನಾಭಿಪ್ರಾಯ ಹುಟ್ಟಿದರೆ ಏನಾದೀತು?

ಬ್ಲಾಕ್‌ಚೈನ್ ಎಂಬ ಹೆಸರನ್ನು ನಮ್ಮ ಮೇಲಿನ ತರಗತಿಗಳ ಬಾಲಿಕೆಯರೆಲ್ಲರೂ ಕೇಳಿದ್ದಾರೆ. ಅದೇನೆಂದು ವಿಚಾರಿಸಿದರೆ ಹೇಳಬಲ್ಲವರು ಕಡಿಮೆ. ಸರಳವಾಗಿ ಹೇಳುವುದಾದರೆ ಅದೊಂದು ಲೆಕ್ಕದ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಅದರಲ್ಲಿ ಪುಟಪುಟವಾಗಿ ಬರೆಯಲ್ಪಡುತ್ತದೆ. ಪುಟಕ್ಕೆ ಬ್ಲಾಕ್ ಎಂದು ಹೆಸರು. ಪ್ರತಿಯೊಂದು ಪುಟದಲ್ಲಿ ಹಿಂದಿನ ಪುಟದ ಗುರುತು ಅಚ್ಚೊತ್ತಿರುವುದರಿಂದ, ನಡುವಣ ಒಂದು ಪುಟವನ್ನು ತಿದ್ದಿದರೆ ಮುಂದಿನ ಕೊಂಡಿಗಳೆಲ್ಲ ಕಳಚುತ್ತವೆ. ಈ ಪುಸ್ತಕವು ಯಾವ ಬ್ಯಾಂಕಿನ ಪೆಟ್ಟಿಗೆಯಲ್ಲಿಯೂ ಇರುವುದಿಲ್ಲ. ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೊಂದು ಪ್ರತಿಯಿರುತ್ತದೆ. ಅಂಥ ಒಂದೊಂದು ಕಂಪ್ಯೂಟರಿಗೆ ನೋಡ್ ಎನ್ನುವರು. ನಮ್ಮ ‘ನೋಡು’ ಎಂಬ ಮಾತಿಗೂ ಇದಕ್ಕೂ ನಂಟಿಲ್ಲ. ಆದರೂ ಅದರ ಕೆಲಸಕ್ಕೆ ನಮ್ಮ ಮಾತೇ ಹೆಚ್ಚು ಒಪ್ಪುತ್ತದೆ. ಯಾಕಂದರೆ ಹೊಸ ಪುಟವೊಂದು ಬಂದೊಡನೆ ಅದು ಯಾರ ಮಾತನ್ನೂ ನಂಬದೆ ತಾನೇ ನೋಡಿ, ಪ್ರತಿಯೊಂದು ಲೆಕ್ಕವನ್ನೂ ಪರೀಕ್ಷಿಸಿ, ಸರಿಯಿದ್ದರೆ ಸೇರಿಸಿಕೊಳ್ಳುತ್ತದೆ, ಇಲ್ಲವಾದರೆ ತಳ್ಳಿಬಿಡುತ್ತದೆ.

ಹೀಗೆ ನೋಡುವುದಕ್ಕೆ ಕಂಪ್ಯೂಟರಿಗೆ ಒಂದು ಪ್ರೋಗ್ರಾಮು ಬೇಕು. ಎಲ್ಲರೂ ಒಂದೇ ಪ್ರೋಗ್ರಾಮನ್ನು ನಡೆಸಬೇಕೋ, ಅದೇ ನಿಯಮಗಳ ಮೇರೆಗೆ ಬೇರೆ ಬೇರೆಯವರು ಬರೆದ ಪ್ರೋಗ್ರಾಮುಗಳೂ ಇರಬಹುದೋ ಎಂಬ ವಿಷಯದಲ್ಲಿ ಎರಡು ಪಕ್ಷಗಳುಂಟು. ಸತೋಶಿ ನಾಕಾಮೋಟೋ ಎಂಬ ಹೆಸರಿನಿಂದ ೨೦೦೯ನೆಯ ಜನವರಿಯಲ್ಲಿ ಬಿಟ್‌ಕಾಯಿನನ್ನು ಆರಂಭಿಸಿದವರು, ಎರಡನೆಯ ಪ್ರೋಗ್ರಾಮು ಜಾಲಕ್ಕೆ ಅಪಾಯಕರವೆಂದು ೨೦೧೦ರಲ್ಲಿಯೇ ಅಭಿಪ್ರಾಯಪಟ್ಟರು. ಎಲ್ಲ ನೋಡ್‌ಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಉತ್ತರಕ್ಕೆ ಬರತಕ್ಕದ್ದಾಗಿರಲು, ಇಬ್ಬರು ಬರೆದದ್ದು ಎಲ್ಲಿಯಾದರೂ ಬೇರೆಯಾಗದೆ ಇರದೆಂಬುದು ಅವರ ಅಂಜಿಕೆ. ೨೦೧೫ನೆಯ ಜುಲೈ ೩೦ರಂದು ಹೊರಟ ಇಥೀರಿಯಮಿನವರು ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿದರು. ಗ್ಯಾವಿನ್ ವುಡ್ ಎಂಬವರು ೨೦೧೪ರಲ್ಲಿ ಬರೆದ ‘ಯೆಲ್ಲೋ ಪೇಪರ್’ ಎಂಬ ಗಣಿತರೂಪದ ನಿಯಮಪತ್ರವನ್ನು ಮುಂದಿಟ್ಟುಕೊಂಡು, ಗೋ, ಸಿ ಪ್ಲಸ್ ಪ್ಲಸ್, ಪೈಥಾನ್ ಎಂಬ ಮೂರು ಕಂಪ್ಯೂಟರ್ ಭಾಷೆಗಳಲ್ಲಿ ಮೂರು ಪ್ರೋಗ್ರಾಮುಗಳನ್ನು ಮೊದಲಿನಿಂದಲೇ ಸಿದ್ಧಪಡಿಸಿದರು. ಒಂದು ಮುಗ್ಗರಿಸಿದರೆ ಇನ್ನೊಂದು ಜಾಲವನ್ನು ಎತ್ತಿಹಿಡಿಯಲಿ ಎಂಬುದು ಅವರ ಎಣಿಕೆ.

ಒಂದೇ ಪ್ರೋಗ್ರಾಮಿದ್ದರೆ ಗಂಡಾಂತರವಿಲ್ಲವೆಂದು ಮಾತ್ರ ತಿಳಿಯಬಾರದು. ೨೦೧೩ನೆಯ ಫೆಬ್ರವರಿಯಲ್ಲಿ ಬಿಟ್‌ಕಾಯಿನ್ ಪ್ರೋಗ್ರಾಮಿನ ೦.೮ ಎಂಬ ಹೊಸ ಆವೃತ್ತಿ ಹೊರಬಂತು. ಲೆಕ್ಕದ ನಿಯಮವನ್ನು ಬದಲಿಸಬೇಕೆಂಬ ಉದ್ದೇಶ ಅದರಲ್ಲಿರಲಿಲ್ಲ; ಲೆಕ್ಕವನ್ನು ಜೋಡಿಸಿಡುವ ಕಪಾಟನ್ನಷ್ಟೇ ಬದಲಿಸಿದ್ದರು. ಹಳೆಯ ಆವೃತ್ತಿಗಳಲ್ಲಿ ಬರ್ಕ್ಲಿ ಡಿಬಿ ಎಂಬ ಕಪಾಟು, ಹೊಸದರಲ್ಲಿ ಲೆವೆಲ್ ಡಿಬಿ. ಹಳೆಯ ಕಪಾಟಿನಲ್ಲಿ ಒಂದು ಪದ್ಧತಿಯಿತ್ತು. ಪುಟವೊಂದನ್ನು ಪರೀಕ್ಷಿಸುವಾಗ ಅದಕ್ಕೆ ಸಂಬಂಧಪಟ್ಟ ಖಾನೆಗಳಿಗೆಲ್ಲ ತಾತ್ಕಾಲಿಕವಾಗಿ ಬೀಗ ಹಾಕಿಕೊಳ್ಳಬೇಕು. ಏಕಕಾಲಕ್ಕೆ ಇಷ್ಟೇ ಬೀಗಗಳೆಂದು ಮಿತಿ. ಆ ಮಿತಿಯನ್ನು ಯಾರೂ ನಿಯಮವೆಂದು ಎಣಿಸಿರಲಿಲ್ಲ, ಎಲ್ಲಿಯೂ ನಿಯಮವಾಗಿ ಬರೆದಿರಲಿಲ್ಲ.

ಮಾರ್ಚ್ ೧೧ರ ರಾತ್ರಿ ೨೨೫೪೩೦ನೆಯ ಪುಟ ಬಂತು. ಅಷ್ಟೊಂದು ಕಲಮುಗಳಿದ್ದ ಪುಟ ಹಿಂದೆಂದೂ ಬಂದಿರಲಿಲ್ಲ. ಹೊಸ ಆವೃತ್ತಿಯವರು ಅದನ್ನು ಸುಲಭವಾಗಿ ಸ್ವೀಕರಿಸಿ ಅದರ ಮುಂದೆ ಬರೆಯತೊಡಗಿದರು. ಹಳೆಯ ಆವೃತ್ತಿಯ ಅನೇಕ ನೋಡ್‌ಗಳಲ್ಲಿ ಬೀಗಗಳು ಸಾಲದೆ ಹೋದದ್ದರಿಂದ ಅವು ಆ ಪುಟವನ್ನೇ ತಿರಸ್ಕರಿಸಿ, ಬೇರೊಂದು ಪುಟವನ್ನು ಹಿಡಿದು ಮುಂದುವರಿದವು. ಒಂದು ಪುಸ್ತಕ ಎರಡಾಯಿತು. ಎರಡರಲ್ಲೂ ನಿನ್ನೆಯವರೆಗಿನ ಲೆಕ್ಕ ಒಂದೇ, ಇಂದಿನದು ಬೇರೆ. ಒಬ್ಬಾತನು ಸುಮಾರು ೧೦,೦೦೦ ಡಾಲರ್ ಬೆಲೆಯ ಪಾವತಿಯನ್ನು ಒಂದು ಕವಲಿನಲ್ಲಿ ವರ್ತಕರಿಗೆ ತೋರಿಸಿ, ಅದೇ ಹಣವನ್ನು ಇನ್ನೊಂದು ಕವಲಿನಲ್ಲಿ ತಾನೇ ಉಳಿಸಿಕೊಳ್ಳಲು ಶಕ್ತನಾದನು.

ಆ ಬಳಿಕ ನಡೆದದ್ದು ನನಗೆ ಬಹಳ ಮೆಚ್ಚಿಕೆಯಾದ ಭಾಗ. ಗಣಕಬಲದ ಹೆಚ್ಚಿನ ಪಾಲು ಹೊಸ ಆವೃತ್ತಿಯ ಕಡೆಗಿತ್ತು. ಪ್ರೋಗ್ರಾಮೂ ಅದರದೇ ಉತ್ತಮ. ಆದರೂ ಹೊಸಬರೇ ಹಳೆಯದಕ್ಕೆ ಹಿಂದಿರುಗಬೇಕೆಂದು ನಿಶ್ಚಯವಾಯಿತು. ಹೇಗಂದರೆ ಹಳೆಯವರ ಪುಟಗಳನ್ನು ಹೊಸ ಆವೃತ್ತಿ ಒಪ್ಪಬಲ್ಲದು, ಹೊಸಬರ ಆ ಪುಟವನ್ನು ಹಳೆಯ ಆವೃತ್ತಿ ಒಪ್ಪಲಾರದು. ಬಾಗಬಲ್ಲವರೇ ಬಾಗಬೇಕಾಯಿತು. ಸುಮಾರು ಆರು ಗಂಟೆಗಳ ಬಳಿಕ ಹಳೆಯ ಕವಲು ಉದ್ದವಾಗಿ ಬೆಳೆದು, ಹೊಸ ಕವಲಿನ ೨೪ ಪುಟಗಳು ಕಸವಾದವು. ಅವುಗಳನ್ನು ಬರೆದವರು ತಮ್ಮ ಸಂಭಾವನೆಯನ್ನೂ ಕಳೆದುಕೊಂಡರು. ಹಳೆಯ ಆವೃತ್ತಿಯವರು ಸರಿಪಡಿಸಿಕೊಳ್ಳುವುದಕ್ಕೆ ೨೦೧೩ನೆಯ ಮೇ ೧೫ರವರೆಗೆ ಅವಧಿ ಕೊಟ್ಟರು. ಪ್ರೋಗ್ರಾಮಿನಲ್ಲಿ ಅವಿತಿರುವ ಪ್ರತಿಯೊಂದು ಮಿತಿಯೂ, ಬರೆದವರಿಗೆ ಅರಿವಿಲ್ಲದೆಯೇ, ಜಾಲದ ಕಾನೂನಾಗಬಲ್ಲದೆಂದು ಆಗ ತಿಳಿದುಬಂತು.

ಇಥೀರಿಯಮಿನ ಅನುಭವವು ಎರಡು ಪಕ್ಷಗಳಿಗೂ ಸಾಕ್ಷಿ ಹೇಳುತ್ತದೆ. ೨೦೧೬ನೆಯ ಸೆಪ್ಟೆಂಬರಿನಲ್ಲಿ, ಅವರ ಸಮ್ಮೇಳನ ಶಾಂಘೈ ನಗರದಲ್ಲಿ ಕೂಡುವ ಹೊತ್ತಿಗೆ, ಯಾರೋ ದುರುದ್ದೇಶದಿಂದ ಜಾಲದ ಮೇಲೆ ದಾಳಿಯಿಟ್ಟರು. ಗೋ ಭಾಷೆಯ ಗೆತ್ ಎಂಬ ಪ್ರೋಗ್ರಾಮಿನ ನೋಡ್‌ಗಳು ಒಂದರ ಹಿಂದೊಂದು ಕುಸಿದವು. ರಸ್ಟ್ ಭಾಷೆಯಲ್ಲಿ ಬರೆದ ಪ್ಯಾರಿಟಿಯ ನೋಡ್‌ಗಳು ನಿಂತದ್ದರಿಂದ ಪುಸ್ತಕ ಮುಂದುವರಿಯಿತು. ಅದೇ ದಾಳಿಯಲ್ಲಿ ರಾಶಿಬಿದ್ದ ಖಾಲಿ ಖಾತೆಗಳನ್ನು ಗುಡಿಸಿಹಾಕುವುದಕ್ಕಾಗಿ ನವೆಂಬರ್ ೨೨ರಂದು ಹೊಸ ನಿಯಮ ಜಾರಿಗೆ ಬಂತು. ಎರಡೇ ದಿನಗಳಲ್ಲಿ, ನವೆಂಬರ್ ೨೪ರಂದು, ೨೬೮೬೩೫೧ನೆಯ ಪುಟದಲ್ಲಿ ಗೆತ್ ಒಂದು ಉತ್ತರ ಕೊಟ್ಟಿತು, ಪ್ಯಾರಿಟಿ ಇನ್ನೊಂದು. ವ್ಯವಹಾರವೊಂದು ಅರ್ಧದಲ್ಲಿ ನಿಂತರೆ ಅದು ಮಾಡಿದ್ದೆಲ್ಲವೂ ಅಳಿಸಲ್ಪಡಬೇಕು. ಗೆತ್, ಖಾಲಿ ಖಾತೆಯನ್ನು ತೆಗೆದುಹಾಕಿದ್ದನ್ನು ಮಾತ್ರ ಅಳಿಸುವುದಕ್ಕೆ ಮರೆಯುತ್ತಿತ್ತು. ಕೆಲವೇ ಗಂಟೆಗಳಲ್ಲಿ ತಿದ್ದಿದರು.

ಆದರೆ ಅದೇ ಬಗೆಯ ಇನ್ನೊಂದು ಸಣ್ಣ ಮರೆವು ಪ್ಯಾರಿಟಿಯಲ್ಲಿಯೂ ಇತ್ತು. ಅದರ ಫಲವು ಆಗಲೇ ಪುಸ್ತಕದಲ್ಲಿ ಸೇರಿಹೋಗಿತ್ತಾಗಿ, ಪ್ಯಾರಿಟಿಯನ್ನು ತಿದ್ದುವುದರ ಬದಲು ಗೆತ್ತಿಗೂ ಅದೇ ಮರೆವನ್ನು ಕಲಿಸಬೇಕಾಯಿತು. ಇಂದಿಗೂ ಗೆತ್ತಿನೊಳಗೆ ಮೂರನೆಯ ಸಂಖ್ಯೆಯ ವಿಳಾಸವೊಂದಕ್ಕಾಗಿ ವಿಶೇಷ ಅಪವಾದವನ್ನು ಬರೆದಿಟ್ಟಿದ್ದಾರೆ. ಬಿಟ್‌ಕಾಯಿನಿನಲ್ಲಿಯೂ ಇಂಥದೊಂದುಂಟು: ಹಲವರ ಸಹಿಗಳನ್ನು ಒಟ್ಟಾಗಿ ಪರೀಕ್ಷಿಸುವ ಆಜ್ಞೆಯು ಮೊದಲಿನ ಬರವಣಿಗೆಯ ದೋಷದಿಂದ ಬೇಕಾದದ್ದಕ್ಕಿಂತ ಒಂದು ವಸ್ತುವನ್ನು ಹೆಚ್ಚಾಗಿ ಎತ್ತಿಕೊಳ್ಳುತ್ತದೆ. ಆದಕಾರಣ ಎಲ್ಲರೂ ಅಲ್ಲೊಂದು ಬರಿದಾದ ವಸ್ತುವನ್ನು ಇಟ್ಟೇ ಕಳುಹಿಸುತ್ತಾರೆ. ಮಕ್ಕಳ ತಪ್ಪನ್ನು ಕೆಂಪು ಶಾಯಿಯಿಂದ ಹೊಡೆದೇ ರೂಢಿಯಾದ ನನ್ನಂಥವಳಿಗೆ, ತಪ್ಪನ್ನು ಎಲ್ಲರೂ ಸಮನಾಗಿ ಮಾಡಿದರೆ ಅದೇ ಸರಿಯೆಂಬ ಈ ನ್ಯಾಯವನ್ನು ಒಪ್ಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲವೂ ಹಳೆಯ ಕಥೆಯೆನ್ನುವ ಹಾಗಿಲ್ಲ. ೨೦೨೨ನೆಯ ಅಕ್ಟೋಬರ್ ೯ರಂದು ಒಬ್ಬರು ೯೯೯ ಮಂದಿಯಲ್ಲಿ ೯೯೮ ಮಂದಿಯ ಸಹಿ ಬೇಕಾಗುವಂಥ ಬಿಟ್‌ಕಾಯಿನ್ ವ್ಯವಹಾರವನ್ನು ಬೇಕೆಂದೇ ರಚಿಸಿದರು. ಬಿಟಿಸಿಡಿ ಎಂಬ ಎರಡನೆಯ ಪ್ರೋಗ್ರಾಮಿನಲ್ಲಿ ಸಾಕ್ಷಿಭಾಗಕ್ಕೆ ೧೧,೦೦೦ ಬೈಟುಗಳ ಮಿತಿಯಿಟ್ಟದ್ದರಿಂದ, ಅದನ್ನು ನಡೆಸುತ್ತಿದ್ದವರು ಆ ಪುಟದಲ್ಲಿಯೇ ಸಿಕ್ಕಿಬಿದ್ದರು.

ಇವನ್ನು ತಡೆಯುವುದಕ್ಕೆ ಪ್ರೋಗ್ರಾಮು ಬರೆಯುವವರು ಪಡುವ ಪಾಡು ದೊಡ್ಡದು. ಇಥೀರಿಯಮಿನಲ್ಲಿ ಎಲ್ಲರಿಗೂ ಸಾಮಾನ್ಯವಾದ ಪರೀಕ್ಷಾಪಾಠಗಳಿವೆ: ಆರಂಭದ ಲೆಕ್ಕ ಇದು, ವ್ಯವಹಾರ ಇದು, ಕೊನೆಯ ಲೆಕ್ಕದ ಮುದ್ರೆ ಇದೇ ಆಗಬೇಕು. ಪ್ರತಿಯೊಂದು ಪ್ರೋಗ್ರಾಮೂ ಅವುಗಳಲ್ಲಿ ತೇರ್ಗಡೆಯಾಗಬೇಕು. ಇಷ್ಟರಿಂದ ಸಾಲದು, ಯಾರೂ ಊಹಿಸದ ಉತ್ತರವೇ ತೊಡಕೆಂದು ಮೊದಲೇ ಹೇಳಿದೆನಷ್ಟೆ. ಆದ್ದರಿಂದ ಯಂತ್ರವೇ ಅಡ್ಡಾದಿಡ್ಡಿಯಾಗಿ ವ್ಯವಹಾರಗಳನ್ನು ಹುಟ್ಟಿಸಿ, ಹಗಲಿರುಳೂ ಎಲ್ಲ ಪ್ರೋಗ್ರಾಮುಗಳಿಗೆ ಉಣಿಸಿ, ಯಾರದಾದರೂ ಉತ್ತರ ಬೇರೆ ಬಂತೇ ಎಂದು ಕಾಯುವ ಏರ್ಪಾಡೂ ಉಂಟು. ಆ ಮೇಲೆ ಬೆಲೆಯಿಲ್ಲದ ನಾಣ್ಯದ ಪರೀಕ್ಷಾಜಾಲಗಳು.

೨೦೨೨ನೆಯ ಸೆಪ್ಟೆಂಬರ್ ೧೫ರಿಂದ ಇಥೀರಿಯಮಿನಲ್ಲಿ ಠೇವಣಿಯಿಟ್ಟವರ ಮತದಿಂದ ಪುಟಗಳು ನಿರ್ಣಯವಾಗುತ್ತವೆ. ಮೂರರಲ್ಲಿ ಎರಡು ಪಾಲು ಠೇವಣಿಯ ಮತ ಬಿದ್ದ ಪುಟವು ಸ್ಥಿರವಾದಂತೆ. ತಪ್ಪುವ ಪ್ರೋಗ್ರಾಮು ಮೂರನೆಯ ಒಂದು ಪಾಲಿಗಿಂತ ಕಡಿಮೆಯವರ ಕೈಯಲ್ಲಿದ್ದರೆ ಉಳಿದವರು ಅದನ್ನು ಬಿಟ್ಟು ಮುಂದುವರಿಯಬಲ್ಲರು. ಎರಡು ಪಾಲು ಮೀರಿದವರ ಕೈಯಲ್ಲಿದ್ದರೆ ತಪ್ಪೇ ಸ್ಥಿರವಾಗಿ, ಸರಿಯಾಗಿ ಲೆಕ್ಕ ಮಾಡಿದವರು ಹೊರಗುಳಿಯುವರು.

ಇದು ಬರಿಯ ಊಹೆಯಲ್ಲ. ೨೦೨೫ನೆಯ ಫೆಬ್ರವರಿ ೨೪ರಂದು ಹೊಲೆಸ್ಕಿ ಎಂಬ ಪರೀಕ್ಷಾಜಾಲದಲ್ಲಿ ಪೆಕ್ಟ್ರಾ ಎಂಬ ಬದಲಾವಣೆಯನ್ನು ನಡೆಸಿ ನೋಡಿದರು. ಠೇವಣಿಯ ವಿಳಾಸವೊಂದನ್ನು ಗೆತ್, ನೆದರ್‌ಮೈಂಡ್, ಬೆಸು ಎಂಬ ಮೂರು ಪ್ರೋಗ್ರಾಮುಗಳಲ್ಲಿ ತಪ್ಪಾಗಿ ತುಂಬಿಸಿದ್ದರು. ಎರಿಗಾನ್, ರೆತ್ ಎಂಬೆರಡರಲ್ಲಿ ಸರಿಯಾಗಿತ್ತು. ಬಹುಮತವು ತಪ್ಪಾದ ಪುಟವನ್ನು ಹಿಡಿದು ಹೋಯಿತು. ಆ ಜಾಲ ಮತ್ತೆ ಸ್ಥಿರವಾಗುವಷ್ಟರಲ್ಲಿ ಮಾರ್ಚ್ ೧೦ನೆಯ ತಾರೀಕು ಬಂದಿತ್ತು. ನಾಣ್ಯಕ್ಕೆ ಬೆಲೆಯಿಲ್ಲದ್ದರಿಂದ ಯಾರ ಮನೆಯೂ ಹಾಳಾಗಲಿಲ್ಲ.

ಆಗ ಮಾರ್ಚ್ ೧೭ರಂದು ಹೊಸ ಪರೀಕ್ಷಾಜಾಲವೊಂದನ್ನು ತೆರೆದರು. ಈ ಜಾಲಗಳಿಗೆ ರೈಲು ನಿಲ್ದಾಣಗಳ ಹೆಸರನ್ನಿಡುವ ವಾಡಿಕೆಯಿದೆ. ಹೊಲೆಸ್ಕಿಯು ಪ್ರಾಗ್ ನಗರದ್ದು. ಹೊಸದಕ್ಕೆ ನಮ್ಮ ಬೆಂಗಳೂರಿನ ಹೂಡಿಯ ಹೆಸರು ಬಂತು. ಹಣ ಹೂಡಿ ಎಂಬ ಅರ್ಥವನ್ನು ನಮ್ಮವರು ಅದಕ್ಕೆ ಹಚ್ಚಬಾರದು. ಅಲ್ಲಿಯ ನಾಣ್ಯಕ್ಕೂ ಬೆಲೆಯಿಲ್ಲ. ಮಾರ್ಚ್ ೨೬ರಂದು ಅದೇ ಬದಲಾವಣೆಯನ್ನು ಹೂಡಿಯಲ್ಲಿ ನಡೆಸಿದರು, ಕವಲೊಡೆಯಲಿಲ್ಲ. ಮೇ ೭ರಂದು ಮುಖ್ಯ ಜಾಲದಲ್ಲಿ ನಡೆಸಿದರು, ಅಲ್ಲಿಯೂ ಒಡೆಯಲಿಲ್ಲ.