ಇಂಗಿದ ನೀರು ಎಲ್ಲಿಗೆ ಹೋಗಬೇಕು?

ನಾಸಿಕದಿಂದ ಛತ್ರಪತಿ ಸಂಭಾಜಿನಗರದ ದಾರಿ ಹಿಡಿದರೆ ನಿಫಾಡ್ ಸಿಗುತ್ತದೆ. ದ್ರಾಕ್ಷಿ, ಕಬ್ಬು, ಅದೇ ತಾಲ್ಲೂಕಿನಲ್ಲಿ ಲಾಸಲ್‌ಗಾಂವ್‌ನ ಈರುಳ್ಳಿ ಮಾರುಕಟ್ಟೆ. ಕಾಲಡಿಯಲ್ಲಿ ನಮ್ಮ ವಿಜಯಪುರ, ಗದಗದ ಕಡೆಯಂಥದೇ ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇಂಥ ಕಡೆ ‘ನೀರು ಇಂಗಿಸುವ ಡಾಂಬರು ರಸ್ತೆ ಮಾಡಿ’ ಎನ್ನುವವರು ಇಂಗಿದ ನೀರಿನ ಮುಂದಿನ ದಾರಿಯನ್ನೂ ಹೇಳಬೇಕು.

ಮಾಮೂಲಿ ಡಾಂಬರು ಪದರದಲ್ಲಿ ಗಾಳಿಯ ಸಂದು ಶೇ 3ರಿಂದ 5ರಷ್ಟು. ರಂಧ್ರಯುಕ್ತ ಡಾಂಬರಿನಲ್ಲಿ ಸುಮಾರು ಶೇ 20. ಹೆಚ್ಚುಕಡಿಮೆ ಒಂದೇ ಗಾತ್ರದ ಜಲ್ಲಿ ಹಾಕಿ, ಸಂದು ತುಂಬುವ ಪುಡಿಯನ್ನು ಕಡಿಮೆ ಮಾಡಿದರೆ ಇದು ಸಾಧ್ಯ. ಆಗ ಟೈರು, ರಸ್ತೆಗಳ ನಡುವೆ ನೀರು ನಿಂತು ಗಾಡಿ ಜಾರುವುದು ತಪ್ಪುತ್ತದೆ. ಮುಂದಿನ ಲಾರಿ ಎಬ್ಬಿಸುವ ತುಂತುರು ತಗ್ಗುತ್ತದೆ, ರಾತ್ರಿ ಎದುರಿನ ದೀಪ ಒದ್ದೆ ರಸ್ತೆಯಲ್ಲಿ ಕಣ್ಣು ಕುಕ್ಕುವುದಿಲ್ಲ. ನೆದರ್ಲೆಂಡ್ಸಿನ ಹೆದ್ದಾರಿಗಳಲ್ಲಿ ಬಹುಪಾಲು ಹೀಗೇ ಇವೆ. ಸದ್ದು ಕಡಿಮೆ ಎಂಬುದೂ ಅಲ್ಲಿ ದೊಡ್ಡ ಕಾರಣ.

ಅಮೆರಿಕದ ಕೆಲವು ಪಾರ್ಕಿಂಗ್ ಜಾಗಗಳಲ್ಲಿ ಡಾಂಬರಿನ ಕೆಳಗೆ ದಪ್ಪಗೆ ಜಲ್ಲಿ ಹಾಸಿ ನೀರನ್ನು ನೆಲಕ್ಕೇ ಬಿಡುತ್ತಾರೆ. ಎರೆಭೂಮಿಗೆ ಅದು ಒಗ್ಗದು. ಇಲ್ಲಿ ಮೇಲಿನ 25ರಿಂದ 50 ಮಿಲಿಮೀಟರು ಮಾತ್ರ ರಂಧ್ರಯುಕ್ತವಾಗಿರಬೇಕು. ಕೆಳಗಿನದು ನೀರು ಇಳಿಯದ ಬಿಗಿ ಪದರ, ಅದಕ್ಕೆ ಸರಿಯಾದ ಓರೆ. ನೀರು ಪದರದೊಳಗೇ ಪಕ್ಕಕ್ಕೆ ಹರಿದು ಅಂಚಿನಲ್ಲಿ ಹೊರಬಂದು ಚರಂಡಿ ಸೇರಬೇಕು. ಅಂಚಿಗೆ ಮಣ್ಣು ಏರಿಸಿ ಮುಚ್ಚಿದರೋ, ಒಳಗೆ ಸಿಕ್ಕಿದ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ. ರಸ್ತೆ ಮುಗಿದ ಮೇಲೆ ಚರಂಡಿ ನೆನಪಾಗುವ ನಮ್ಮ ರೂಢಿ ಇಲ್ಲಿ ನಡೆಯದು.

ಈ ಮಿಶ್ರಣದ ಇನ್ನೊಂದು ದೌರ್ಬಲ್ಯ ಜಲ್ಲಿ ಕಿತ್ತುಬರುವುದು. ಸುರತ್ಕಲ್‌ನ ಎನ್‌ಐಟಿಕೆಯ ಎಸ್‌.ಎನ್‌. ಸುರೇಶ, ವರ್ಗೀಸ್ ಜಾರ್ಜ್, ಎ.ಯು. ರವಿಶಂಕರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಜಲ್ಲಿಯನ್ನು ಅಂಟಿಸುವ ಸಾದಾ ಬಿಟುಮೆನ್ ಮತ್ತು ಮಾರ್ಪಡಿಸಿದ ಬಿಟುಮೆನ್‌ಗಳನ್ನು ಇಂಥ ಮಿಶ್ರಣದಲ್ಲಿ ಹೋಲಿಸಿತ್ತು. ಇಂಥ ಪದರಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 129 ಎಂಬ ನಿರ್ದೇಶಿಕೆ 2019ರಲ್ಲಿ ಬಂತು. ಪಾಲಿಮರ್ ಬೆರೆಸಿದ ಬಿಟುಮೆನ್ ಜಲ್ಲಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ನಾರು ಸೇರಿಸಿದರೆ ಬಿಸಿ ಮಿಶ್ರಣದಿಂದ ಬಿಟುಮೆನ್ ಲಾರಿಯಲ್ಲೇ ಸೋರಿ ಹೋಗುವುದಿಲ್ಲ. ಖರ್ಚು ಏರುವುದೂ ಇಲ್ಲೇ.

ನಿಫಾಡ್‌ನ ನಿಜವಾದ ತೊಡಕು ಮಳೆಯಲ್ಲ, ಕೆಸರು. ಹೊಲದಿಂದ ಬರುವ ಟ್ರ್ಯಾಕ್ಟರಿನ ಗಾಲಿಯ ಎರೆಮಣ್ಣು ರಂಧ್ರಗಳನ್ನು ಕಟ್ಟುತ್ತದೆ. ವೇಗದ ಹೆದ್ದಾರಿಯಲ್ಲಿ ಟೈರುಗಳೇ ಕಸವನ್ನು ಒಂದಿಷ್ಟು ಹೀರಿ ತೆಗೆಯುತ್ತವೆ. ಮಾರುಕಟ್ಟೆ ಬೀದಿಯಲ್ಲಿ ಆ ವೇಗವಿಲ್ಲ. ಇನ್ನು ಇಂಥ ರಸ್ತೆಯ ಗುಂಡಿಗೆ ಮಾಮೂಲಿ ಡಾಂಬರು ತುಂಬಿದರೆ ನೀರಿನ ಹಾದಿಗೇ ಅಡ್ಡಗೋಡೆ. ಹಾಗಾಗಿ ಊರ ಹೊರಗಿನ ನೇರ ಹೆದ್ದಾರಿಗೆ ಇದನ್ನು ಹಾಕಲಿ. ಈರುಳ್ಳಿ ಟ್ರ್ಯಾಕ್ಟರುಗಳು ತಿರುಗುವ ಮಾರುಕಟ್ಟೆಯ ಗೇಟಿನ ಮುಂದೆ ಕಾಂಕ್ರೀಟು, ಪಕ್ಕದಲ್ಲೊಂದು ತೆರೆದ ಚರಂಡಿ ಸಾಕು.