ಬಿಸಿಸಿಯಲ್ಲಿರೋರು ರಿಪ್ಲೈ ಆಲ್ ಒತ್ತಿದರೆ ಏನಾಗುತ್ತೆ?

2015ರಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಕ್ಲಿನಿಕ್, ಎಚ್‌ಐವಿ ಸೇವೆ ಪಡೆಯುತ್ತಿದ್ದವರಿಗೆ ಇಮೇಲಿನಲ್ಲಿ ಒಂದು ನ್ಯೂಸ್‌ಲೆಟರ್ ಕಳಿಸಿತು. ಬಿಸಿಸಿಯಲ್ಲಿ ಹಾಕಬೇಕಿದ್ದ ವಿಳಾಸಗಳು ಟು ಖಾನೆಗೆ ಹೋದವು. 781 ಜನರಲ್ಲಿ ಪ್ರತಿಯೊಬ್ಬರ ವಿಳಾಸವೂ ಉಳಿದವರಿಗೆ ಕಂಡಿತು. 730 ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು! ಮರುವರ್ಷ ಆ ಕ್ಲಿನಿಕ್ ನಡೆಸುತ್ತಿದ್ದ ಆಸ್ಪತ್ರೆ ಟ್ರಸ್ಟ್‌ಗೆ 1,80,000 ಪೌಂಡ್ ದಂಡ ಬಿತ್ತು. ದಂಡ ಕಟ್ಟಬಹುದು, ಬಯಲಾದ ಗುಟ್ಟನ್ನ ವಾಪಸ್ ತರೋಕಾಗಲ್ಲ.

ಬಿಸಿಸಿ ಕೆಲಸ ಮಾಡೋದು ಹೇಗೆ? ಅಂಚೆ ಕವರಿನ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದಲ್ಲಿ ಬರೆದ ಹೆಸರು ಬೇರೆ ಅಲ್ವಾ? ಬಿಸಿಸಿ ವಿಳಾಸ ಇರೋದು ಕವರಿನ ಮೇಲೆ ಮಾತ್ರ. ಸರ್ವರ್ ಅದನ್ನ ಓದಿ ಮೇಲ್ ತಲುಪಿಸುತ್ತೆ, ಉಳಿದವರ ಕಣ್ಣಿಗೆ ಅದು ಬೀಳಲ್ಲ.

ಈಗ ಉತ್ತರದ ವಿಷಯಕ್ಕೆ ಬನ್ನಿ. ಎಡವೋದು ಇಲ್ಲೇ. ಟು, ಸಿಸಿಯಲ್ಲಿರೋರು ರಿಪ್ಲೈ ಆಲ್ ಒತ್ತಿದರೆ ಬಿಸಿಸಿಯವರಿಗೆ ಏನೂ ಬರಲ್ಲ, ಅವರ ವಿಳಾಸವೇ ಆ ಮೇಲ್‌ನಲ್ಲಿ ಇಲ್ಲವಲ್ಲ. ಆದರೆ ಬಿಸಿಸಿಯಲ್ಲಿರೋ ನೀವು ರಿಪ್ಲೈ ಆಲ್ ಒತ್ತಿದಿರಾ? ಕಳಿಸಿದವರಿಗೂ, ಟು, ಸಿಸಿಯಲ್ಲಿರೋ ಎಲ್ಲರಿಗೂ ನಿಮ್ಮ ಉತ್ತರ ಹೋಗುತ್ತೆ. ನಿಮಗೂ ಆ ಮೇಲ್ ಬಂದಿತ್ತು ಅನ್ನೋದು ಅಲ್ಲಿಗೆ ಬಯಲು. ನಿಮ್ಮನ್ನ ನಂಬಿ ಕಳಿಸಿದವರು ಪೇಚಿಗೆ ಸಿಲುಕ್ತಾರೆ. ಹಾಗಾಗಿ ಟು, ಸಿಸಿ ಎರಡರಲ್ಲೂ ನಿಮ್ಮ ವಿಳಾಸ ಕಾಣದಿದ್ದರೆ ಬರೀ ರಿಪ್ಲೈ ಒತ್ತಿ.

ಅಪಾರ್ಟ್‌ಮೆಂಟ್ ಸಂಘದ ನೋಟಿಸ್ ಕಳಿಸಬೇಕಾ? ಟು ಖಾನೆಯಲ್ಲಿ ನಿಮ್ಮದೇ ವಿಳಾಸ, ಮಿಕ್ಕವರೆಲ್ಲ ಬಿಸಿಸಿಯಲ್ಲಿ. ಯಾರು ರಿಪ್ಲೈ ಆಲ್ ಒತ್ತಿದರೂ ಉತ್ತರ ನಿಮಗೊಬ್ಬರಿಗೇ ಬರುತ್ತೆ.